ಪತ್ರಾಗಾರದ ವಿವರಣಸೂಚಿ ಮತ್ತು ಜಾಲತಾಣ: ಸಂಯೋಜನೆಯ ಚರಿತ್ರೆಯ ಒಂದು ಅವಲೋಕನ

ಇತಿಹಾಸ ರಚನೆಗೆ ಆಕರಗಳು ಎಷ್ಟು ಮುಖ್ಯವೋ, ಆ ಆಕರಗಳತ್ತ ಸಂಶೋಧಕನನ್ನು ಕರೆದೊಯ್ಯುವ ಸೂಚಿಗಳೂ ಅಷ್ಟೇ ಮುಖ್ಯ. ಶಾಸನ, ಓಲೆಗರಿ, ಕಡತ, ಬಖೈರು, ಕೈಫಿಯತ್ತು ಮೊದಲಾದವುಗಳ ಕುರಿತು ನಮ್ಮಲ್ಲಿ ವಿಪುಲವಾದ ಚರ್ಚೆ ನಡೆದಿದೆ. ಆದರೆ ಅವುಗಳನ್ನು ವಿವರಿಸುವ ಪಟ್ಟಿಗಳು ಹೇಗೆ ಸಿದ್ಧವಾದವು, ಯಾವ ತತ್ತ್ವದ ಮೇಲೆ ನಿಂತಿವೆ ಎಂಬ ವಿಚಾರಕ್ಕೆ ಅಷ್ಟು ಗಮನ ದೊರೆತಿಲ್ಲ. ಇಂದು ಸಂಶೋಧಕನು ಪತ್ರಾಗಾರದ ಬಾಗಿಲನ್ನು ಪ್ರವೇಶಿಸುವುದಕ್ಕೆ ಮೊದಲು ಅದರ ಜಾಲತಾಣವನ್ನು ಪ್ರವೇಶಿಸುತ್ತಾನೆ. ಅಲ್ಲಿ ಕಾಣಿಸದ ದಾಖಲೆ ಅವನ ಪಾಲಿಗೆ ಇಲ್ಲದ ದಾಖಲೆಯೇ ಆಗಿಬಿಡುವ ಅಪಾಯವಿದೆ. ಆದ್ದರಿಂದ ಪತ್ರಾಗಾರದ ಒಳಗಿನ ವಿವರಣಸೂಚಿಗೂ ಹೊರಗೆ ಕಾಣುವ ಜಾಲತಾಣಕ್ಕೂ ಇರುವ ಸಂಬಂಧವು ತಾಂತ್ರಿಕ ವಿಚಾರವಷ್ಟೇ ಅಲ್ಲ, ಅದು ಆಕರಶಾಸ್ತ್ರದ ವಿಚಾರವೂ ಹೌದು. ಈ ಸಂಬಂಧವು ಬೆಳೆದುಬಂದ ಬಗೆಯನ್ನು ಗುರುತಿಸಿ, ಕರ್ನಾಟಕದ ದಾಖಲೆಗಳ ಹಿನ್ನೆಲೆಯಲ್ಲಿ ಅದರ ಮಹತ್ತ್ವವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿವರಣೆಯ ಮೂಲತತ್ತ್ವಗಳು

ಗ್ರಂಥಾಲಯದ ಸೂಚಿಗೂ ಪತ್ರಾಗಾರದ ಸೂಚಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಗ್ರಂಥವು ಸ್ವತಂತ್ರವಾದ ಒಂದು ಘಟಕ. ಆಡಳಿತದ ದಾಖಲೆ ಹಾಗಲ್ಲ. ಅದು ಒಂದು ಕಚೇರಿಯ ಕಾರ್ಯಕಲಾಪದ ನಡುವೆ ಹುಟ್ಟಿ, ಹಿಂದಿನ ಮತ್ತು ಮುಂದಿನ ಪತ್ರಗಳೊಡನೆ ಸೇರಿದಾಗ ಮಾತ್ರ ಪೂರ್ಣ ಅರ್ಥವನ್ನು ಪಡೆಯುತ್ತದೆ. ಈ ಅರಿವು ಫ್ರಾನ್ಸಿನಲ್ಲಿ 1841ರ ಸುತ್ತೋಲೆಯೊಂದರ ಮೂಲಕ ನಿಯಮದ ರೂಪವನ್ನು ಪಡೆಯಿತು. ಒಂದು ಸಂಸ್ಥೆಯಿಂದ ಅಥವಾ ಕುಟುಂಬದಿಂದ ಬಂದ ಪತ್ರಗಳನ್ನು ಇನ್ನೊಂದರ ಪತ್ರಗಳೊಡನೆ ಬೆರೆಸಬಾರದು ಎಂಬುದೇ ಆ ನಿಯಮದ ತಿರುಳು. 1898ರಲ್ಲಿ ಮುಲ್ಲರ್, ಫೈತ್ ಮತ್ತು ಫ್ರೂಯಿನ್ ಎಂಬ ಮೂವರು ಡಚ್ ಪತ್ರಾಗಾರ ತಜ್ಞರು ಪ್ರಕಟಿಸಿದ ಕೈಪಿಡಿಯು ಇದನ್ನು ಶಾಸ್ತ್ರೀಯವಾಗಿ ಪ್ರತಿಪಾದಿಸಿತು. ಭಾರತದಲ್ಲಿ 1891ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾದ ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್ ಸ್ವಾತಂತ್ರ್ಯಾನಂತರ ಭಾರತದ ರಾಷ್ಟ್ರೀಯ ಪತ್ರಾಗಾರ ಎಂಬ ಹೆಸರನ್ನು ಪಡೆಯಿತು.

ಈ ತತ್ತ್ವವನ್ನು ಪಾಲಿಸದಿದ್ದರೆ ಆಗುವ ನಷ್ಟಕ್ಕೆ ನಮಗೆ ಹತ್ತಿರದ ನಿದರ್ಶನವೆಂದರೆ ಮೆಕೆಂಜಿ ಸಂಗ್ರಹ. ಕಾಲಿನ್ ಮೆಕೆಂಜಿಯು (1754–1821) ಮೈಸೂರು ಸೀಮೆಯ ಸರ್ವೇಕ್ಷಣೆಯ ಕಾಲದಲ್ಲಿಯೂ ಅನಂತರವೂ ಕಾವಲಿ ಸಹೋದರರೇ ಮೊದಲಾದ ದೇಶೀಯ ಸಹಾಯಕರ ನೆರವಿನಿಂದ ಕೈಫಿಯತ್ತುಗಳು, ಶಾಸನ ಪ್ರತಿಗಳು ಹಾಗೂ ಹಸ್ತಪ್ರತಿಗಳ ಬೃಹತ್ ರಾಶಿಯನ್ನು ಕಲೆಹಾಕಿದನು. ಅವನ ಮರಣಾನಂತರ ಎಚ್. ಎಚ್. ವಿಲ್ಸನ್ 1828ರಲ್ಲಿ ಇದರ ವಿವರಣಾತ್ಮಕ ಸೂಚಿಯನ್ನು ಪ್ರಕಟಿಸಿದನು. ಆ ಸೂಚಿಯ ಪ್ರಧಾನ ಆಧಾರ ಭಾಷೆ. ಸಂಗ್ರಹದ ಒಂದು ಭಾಗ ಇಂಗ್ಲೆಂಡಿಗೂ, ದಕ್ಷಿಣದ ಭಾಷೆಗಳ ಹಸ್ತಪ್ರತಿಗಳಲ್ಲಿ ಬಹುಪಾಲು ಮದರಾಸಿಗೂ ಸೇರಿದವು. ಭಾಷೆ ಮತ್ತು ಸ್ಥಳಗಳ ಪ್ರಕಾರ ಹೀಗೆ ಹರಿದುಹೋದ ಸಂಗ್ರಹದಲ್ಲಿ ಒಂದು ಕೈಫಿಯತ್ತನ್ನು ಯಾರು, ಯಾವ ಸಂಚಾರದಲ್ಲಿ, ಬೇರೆ ಯಾವ ಪತ್ರಗಳ ಜೊತೆಗೆ ಪಡೆದರು ಎಂಬುದನ್ನು ಮರಳಿ ಜೋಡಿಸುವುದು ಸಂಶೋಧಕರಿಗೆ ಶ್ರಮದ ಕೆಲಸವಾಯಿತು. ಹಾಳೆ ಉಳಿದರೂ ಹಾಳೆಗಳ ನಡುವಿನ ಸಂಬಂಧ ಅಳಿಯಬಹುದು ಎಂಬುದಕ್ಕೆ ಇದು ಸಾಕ್ಷಿ.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಅಂತರರಾಷ್ಟ್ರೀಯ ಪತ್ರಾಗಾರ ಮಂಡಲಿಯು ವಿವರಣೆಗೆ ಸಾಮಾನ್ಯವಾದೊಂದು ಮಾನಕವನ್ನು ರೂಪಿಸಿತು. ಐಸಾಡ್ ಜಿ ಎಂದು ಸಂಕ್ಷೇಪವಾಗಿ ಕರೆಯಲಾಗುವ ಈ ಮಾನಕದ ಮೊದಲ ಆವೃತ್ತಿ 1994ರಲ್ಲಿ, ಎರಡನೆಯದು 2000ದಲ್ಲಿ ಪ್ರಕಟವಾದವು. ಅದರಲ್ಲಿ 26 ವಿವರಣಾಂಶಗಳಿವೆ. ಅವುಗಳಲ್ಲಿ ಉಲ್ಲೇಖ ಸಂಖ್ಯೆ, ಶೀರ್ಷಿಕೆ, ನಿರ್ಮಾತೃ, ಕಾಲ, ಪ್ರಮಾಣ ಮತ್ತು ವಿವರಣೆಯ ಸ್ತರ ಎಂಬ 6 ಅಂಶಗಳು ಅನಿವಾರ್ಯವೆನಿಸಿವೆ. ಸಂಗ್ರಹ, ಶ್ರೇಣಿ, ಕಡತ, ಬಿಡಿಪತ್ರ ಎಂಬ ಸ್ತರಗಳಲ್ಲಿ ಸಾಮಾನ್ಯದಿಂದ ವಿಶೇಷದ ಕಡೆಗೆ ಸಾಗಬೇಕು, ಮೇಲಿನ ಸ್ತರದಲ್ಲಿ ಹೇಳಿದ್ದನ್ನು ಕೆಳಗಿನ ಸ್ತರದಲ್ಲಿ ಪುನರುಕ್ತಿ ಮಾಡಬಾರದು ಎಂಬ ನಿಯಮಗಳೂ ಅದರಲ್ಲಿವೆ. ಮುದ್ರಿತ ಸೂಚಿಯಲ್ಲಿ ಈ ನಿಯಮ ಸಮಂಜಸವಾಗಿಯೇ ಇದೆ. ಆದರೆ ಜಾಲತಾಣದ ವಿಷಯಕ್ಕೆ ಬಂದಾಗ ಅಪುನರುಕ್ತಿಯ ನಿಯಮವೇ ಮುಖ್ಯ ತೊಡಕಾಗಿ ಪರಿಣಮಿಸಿದ್ದನ್ನು ಮುಂದೆ ನೋಡಬಹುದು.

ಕಡತದಿಂದ ದತ್ತಸಂಚಯಕ್ಕೆ

ಕನ್ನಡದಲ್ಲಿ ಇಂದು ಕಚೇರಿಯ ಫೈಲಿಗೆ ಬಳಕೆಯಾಗುವ ‘ಕಡತ’ ಎಂಬ ಮಾತು ಮೂಲತಃ ಒಂದು ಲೇಖನ ಸಾಮಗ್ರಿಯ ಹೆಸರು. ಬಟ್ಟೆಗೆ ಹುಣಸೆಬೀಜದ ಸರಿ ಹಾಗೂ ಇದ್ದಿಲ ಪುಡಿಯನ್ನು ಲೇಪಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ವರ್ತಕರೂ ಶಾನುಭೋಗರೂ ಮಠಗಳ ಪಾರುಪತ್ಯಗಾರರೂ ಇದನ್ನು ಬಳಸುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಸುಪರಿಚಿತ. ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡೇ ಇರುವುದರಿಂದ ಕಡತದಲ್ಲಿ ಒಂದು ಲೆಕ್ಕವನ್ನು ಅದರ ಹಿಂದುಮುಂದಿನ ಲೆಕ್ಕಗಳಿಂದ ಬಿಡಿಸಿ ತೆಗೆಯುವುದು ಸಾಧ್ಯವಿರಲಿಲ್ಲ. ಸಂದರ್ಭವು ಸಾಮಗ್ರಿಯಲ್ಲೇ ಅಡಕವಾಗಿತ್ತು. ಬಿಡಿಹಾಳೆಯ ಕಾಗದ ಬಂದ ಮೇಲೆ ಆ ಸಂದರ್ಭವನ್ನು ಕಾಯುವ ಹೊಣೆ ದಫ್ತರದ ಕಟ್ಟಿಗೂ ಪಟ್ಟಿಗೂ ಬಂದಿತು.

ಆಧುನಿಕ ಕರ್ನಾಟಕದ ಆಡಳಿತ ದಾಖಲೆಗಳಿಗೆ ಇನ್ನೊಂದು ಸಂಕೀರ್ಣತೆಯಿದೆ. 1956ರ ಏಕೀಕರಣಕ್ಕೆ ಮುಂಚೆ ಈ ನಾಡು ಮೈಸೂರು ಸಂಸ್ಥಾನ, ಮುಂಬಯಿ ಮತ್ತು ಮದರಾಸು ಪ್ರಾಂತಗಳು, ಹೈದರಾಬಾದು ಸಂಸ್ಥಾನ, ಕೊಡಗು ಹಾಗೂ ಹಲವು ಸಣ್ಣ ಸಂಸ್ಥಾನಗಳಲ್ಲಿ ಹಂಚಿಹೋಗಿತ್ತು. ಉತ್ತರ ಕನ್ನಡವನ್ನೇ ತೆಗೆದುಕೊಂಡರೆ, ಅದು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು. ಆದ್ದರಿಂದ ಒಂದೇ ಜಿಲ್ಲೆಯ ಹತ್ತೊಂಬತ್ತನೆಯ ಶತಮಾನದ ಚರಿತ್ರೆಗೆ ಎರಡು ಪ್ರಾಂತಗಳ ದಾಖಲೆಗಳನ್ನು ನೋಡಬೇಕಾಗುತ್ತದೆ. ಬಳ್ಳಾರಿಯು 1953ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಅದಕ್ಕೆ ಹಿಂದಿನ ಅದರ ಪತ್ರವ್ಯವಹಾರ ಮದರಾಸಿನ ಕಡೆಗೆ ನಡೆದದ್ದು. ಇಂದಿನ ರಾಜ್ಯದ ಎಲ್ಲೆಯನ್ನೇ ಆಧಾರವಾಗಿಟ್ಟುಕೊಂಡು ಹುಡುಕುವವನಿಗೆ ಈ ದಾಖಲೆಗಳು ದೊರೆಯುವುದಿಲ್ಲ. ದಾಖಲೆಯನ್ನು ನಿರ್ಮಿಸಿದ ಕಚೇರಿ ಯಾವುದು, ಅದರ ಅಧಿಕಾರ ವ್ಯಾಪ್ತಿ ಯಾವ ಕಾಲದಲ್ಲಿ ಎಷ್ಟಿತ್ತು ಎಂಬುದನ್ನು ತಿಳಿಸುವ ವಿವರಣೆಯಿದ್ದರೆ ಮಾತ್ರ ದಾರಿ ತೆರೆಯುತ್ತದೆ.

ಸೂಚಿಯು ಗಣಕಯಂತ್ರವನ್ನು ಪ್ರವೇಶಿಸಿದ ಬಗೆ

ಪತ್ರಾಗಾರದ ಸೂಚಿಗಳನ್ನು ಗಣಕಯಂತ್ರವು ಓದಬಲ್ಲ ರೂಪಕ್ಕೆ ತರುವ ಪ್ರಯತ್ನಗಳಲ್ಲಿ 1993ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಗ್ರಂಥಾಲಯದಲ್ಲಿ ಡೇನಿಯಲ್ ಪಿಟ್ಟಿ ಅವರ ನೇತೃತ್ವದಲ್ಲಿ ಆರಂಭವಾದ ಯೋಜನೆ ಪ್ರಮುಖವಾದದ್ದು. ಅದರ ಫಲವಾಗಿ ಎನ್‌ಕೋಡೆಡ್ ಆರ್ಕೈವಲ್ ಡಿಸ್ಕ್ರಿಪ್ಷನ್, ಅಂದರೆ ಇ.ಎ.ಡಿ. ಎಂಬ ಮಾನಕ ರೂಪುಗೊಂಡಿತು. ಇದರ ಮೊದಲ ಅಧಿಕೃತ ಆವೃತ್ತಿ 1998ರಲ್ಲಿ, ಪರಿಷ್ಕೃತ ಆವೃತ್ತಿ 2002ರಲ್ಲಿ, ಮೂರನೆಯದು 2015ರಲ್ಲಿ ಹೊರಬಂದವು. ಸೂಚಿಯ ಶ್ರೇಣೀಕೃತ ರಚನೆಯನ್ನು ಕೆಡಿಸದೆ, ಒಂದು ಸಂಗ್ರಹದ ಇಡೀ ವಿವರಣೆಯನ್ನು ಒಂದೇ ಕಡತದಲ್ಲಿ ಗುರುತುಪಟ್ಟಿಗಳ ಮೂಲಕ ಬರೆದಿಡುವುದು ಇದರ ವೈಶಿಷ್ಟ್ಯ. ಹೀಗೆ ಬರೆದ ಕಡತವನ್ನು ಪರಿವರ್ತಕವೊಂದರ ಮೂಲಕ ಜಾಲಪುಟವನ್ನಾಗಿ ಮಾಡಿ ಪ್ರಕಟಿಸಲಾಗುತ್ತಿತ್ತು. ಪುಟಗಳು ಸ್ಥಿರವಾಗಿದ್ದವು. ಸೂಚಿಯಲ್ಲಿ ತಿದ್ದುಪಡಿಯಾದಾಗ ಮತ್ತೆ ಪರಿವರ್ತಿಸಿ ಮತ್ತೆ ಪ್ರಕಟಿಸಬೇಕಾಗಿತ್ತು.

ಅದೇ ಕಾಲದಲ್ಲಿ ಜಾಲತಾಣಗಳ ನಿರ್ಮಾಣದಲ್ಲಿಯೂ ದೊಡ್ಡ ಬದಲಾವಣೆಯಾಯಿತು. ಬೆಲ್ಜಿಯಂನ ಡ್ರೀಸ್ ಬೈಟಾರ್ಟ್ 2001ರಲ್ಲಿ ಡ್ರೂಪಲ್ ತಂತ್ರಾಂಶವನ್ನು ಮುಕ್ತವಾಗಿ ಬಿಡುಗಡೆ ಮಾಡಿದರು. 2003ರಲ್ಲಿ ವರ್ಡ್‌ಪ್ರೆಸ್ ಬಂದಿತು. ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂದು ಕರೆಯಲಾಗುವ ಈ ವರ್ಗದ ತಂತ್ರಾಂಶಗಳನ್ನು ವಿಷಯ ನಿರ್ವಹಣಾ ತಂತ್ರಾಂಶಗಳೆನ್ನಬಹುದು. ಇವುಗಳಲ್ಲಿ ಬರಹವು ದತ್ತಸಂಚಯದಲ್ಲಿರುತ್ತದೆ. ಪುಟವು ಓದುಗ ಕೇಳಿದಾಗ ರಚನೆಯಾಗುತ್ತದೆ. ಗಣಕಭಾಷೆಯನ್ನು ತಿಳಿಯದ ಸಿಬ್ಬಂದಿಯೂ ಜಾಲತಾಣವನ್ನು ನಡೆಸಬಹುದೆಂಬ ಅನುಕೂಲದಿಂದ ವಿಶ್ವವಿದ್ಯಾಲಯಗಳು, ಗ್ರಂಥಾಲಯಗಳು, ವಸ್ತುಸಂಗ್ರಹಾಲಯಗಳು ಇವನ್ನು ಅಂಗೀಕರಿಸಿದವು. 2008ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಮತ್ತು ನವಮಾಧ್ಯಮ ಕೇಂದ್ರವು ಸಂಗ್ರಹಗಳ ಪ್ರದರ್ಶನಕ್ಕೆಂದೇ ಒಮೆಕಾ ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಿತು.

ಇನ್ನೊಂದು ಕಡೆ ಪತ್ರಾಗಾರದ ಒಳಗಿನ ಕೆಲಸಕ್ಕಾಗಿ, ಅಂದರೆ ದಾಖಲೆ ಬಂದ ದಿನದ ನೋಂದಣಿಯಿಂದ ತೊಡಗಿ ಪೆಟ್ಟಿಗೆಯ ಸಂಖ್ಯೆ ಮತ್ತು ಸೂಚಿಯ ರಚನೆಯವರೆಗೆ, ಪ್ರತ್ಯೇಕ ತಂತ್ರಾಂಶಗಳು ಸಿದ್ಧವಾದವು. ಇಲಿನಾಯ್ ವಿಶ್ವವಿದ್ಯಾಲಯದ ಆರ್ಕಾನ್ ಹಾಗೂ ಹಲವು ವಿದ್ಯಾಸಂಸ್ಥೆಗಳು ಕೂಡಿ ರೂಪಿಸಿದ ಆರ್ಕಿವಿಸ್ಟ್ಸ್ ಟೂಲ್‌ಕಿಟ್ ಎರಡೂ 2006ರಲ್ಲಿ ಬಳಕೆಗೆ ಬಂದವು. ಇವೆರಡರ ಅನುಭವವನ್ನು ಕೂಡಿಸಿ ರಚಿಸಿದ ಆರ್ಕೈವ್ಸ್‌ಸ್ಪೇಸ್ 2013ರಲ್ಲಿ ಬಿಡುಗಡೆಯಾಯಿತು. ಅಂತರರಾಷ್ಟ್ರೀಯ ಪತ್ರಾಗಾರ ಮಂಡಲಿಯ ಪ್ರೋತ್ಸಾಹದಿಂದ ಕೆನಡಾದ ಆರ್ಟಿಫ್ಯಾಕ್ಚುಯಲ್ ಸಂಸ್ಥೆಯು ರಚಿಸಿದ ಏಟಮ್ ತಂತ್ರಾಂಶವು 2008ರಲ್ಲಿ ಕ್ವಾಲಾಲಂಪುರದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಪರಿಚಿತವಾಯಿತು. ಒಂದೇ ದಾಖಲೆಗೆ ಹಲವು ಭಾಷೆಗಳಲ್ಲಿ ವಿವರಣೆ ಬರೆಯುವ ಸೌಲಭ್ಯ ಅದರಲ್ಲಿದೆ ಎಂಬುದು ಬಹುಭಾಷಿಕವಾದ ನಮ್ಮ ದೇಶದ ದೃಷ್ಟಿಯಿಂದ ಗಮನಾರ್ಹ.

ಹೀಗೆ ಒಂದೇ ಸಂಸ್ಥೆಯಲ್ಲಿ ಎರಡು ದತ್ತಸಂಚಯಗಳು ನೆಲೆಗೊಂಡವು. ಒಂದು ಪತ್ರಾಗಾರಪಾಲಕರದು, ಇನ್ನೊಂದು ಜಾಲತಾಣದ್ದು. ಇವೆರಡನ್ನೂ ಜೋಡಿಸುವ ಸಮಸ್ಯೆ ಇಲ್ಲಿಂದಲೇ ಹುಟ್ಟಿತು.

ಸಂಯೋಜನೆಯ ನಾಲ್ಕು ಮಾರ್ಗಗಳು

ಈ ಜೋಡಣೆಗೆ ಅನುಸರಿಸಿದ ಮಾರ್ಗಗಳನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸಬಹುದು. ಮೊದಲನೆಯದು ಕೈಯಿಂದ ನಕಲು ಮಾಡುವುದು. ಸೂಚಿಯಲ್ಲಿನ ವಿವರಣೆಯನ್ನು ಸಿಬ್ಬಂದಿಯು ಜಾಲತಾಣದಲ್ಲಿ ಮತ್ತೊಮ್ಮೆ ಬರೆಯುತ್ತಾರೆ. ಇದು ಸುಲಭವೆಂದು ತೋರಿದರೂ, ಒಂದು ಕಡೆ ತಿದ್ದಿದ ಕಾಲ ಅಥವಾ ಹೆಸರು ಇನ್ನೊಂದು ಕಡೆ ತಿದ್ದುಪಡಿಯಾಗದೆ ಉಳಿಯುತ್ತದೆ. ಹಸ್ತಪ್ರತಿಗಳ ಪಾಠಾಂತರವನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಲಿಪಿಕಾರನ ಸ್ಖಾಲಿತ್ಯವು ಇಲ್ಲಿ ಹೊಸ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಮೂಲ ಯಾವುದು, ಪ್ರತಿ ಯಾವುದು ಎಂಬುದೇ ಕೆಲವು ವರ್ಷಗಳಲ್ಲಿ ಮರೆತುಹೋಗುತ್ತದೆ.

ಎರಡನೆಯದು ರಫ್ತು ಮತ್ತು ಆಮದಿನ ಮಾರ್ಗ. ಸಂಗ್ರಹ ತಂತ್ರಾಂಶದಿಂದ ಇ.ಎ.ಡಿ. ಕಡತವನ್ನು ನಿಯತ ಕಾಲಕ್ಕೆ ಹೊರತೆಗೆದು ವಿಷಯ ನಿರ್ವಹಣಾ ತಂತ್ರಾಂಶವು ಅದನ್ನು ಓದಿಕೊಳ್ಳುವಂತೆ ಮಾಡಲಾಗುತ್ತದೆ. ಶ್ರೇಣೀಕೃತ ರಚನೆಯು ಇದರಲ್ಲಿ ಉಳಿಯುತ್ತದೆ. ಆದರೆ ಸಾವಿರಾರು ಕಡತಗಳ ವಿವರಣೆಯುಳ್ಳ ದೊಡ್ಡ ಸೂಚಿಯಲ್ಲಿ ಒಂದು ಸಾಲು ಬದಲಾದರೂ ಇಡೀ ಸೂಚಿಯನ್ನು ಮತ್ತೆ ಓದಿಸಬೇಕಾಗುತ್ತದೆ.

ಮೂರನೆಯದು ಕೊಯ್ಲಿನ ಮಾರ್ಗ. 2001ರಲ್ಲಿ ಬಂದು 2002ರಲ್ಲಿ ಎರಡನೆಯ ಆವೃತ್ತಿಯನ್ನು ಪಡೆದ ಒ.ಎ.ಐ. ನಿಯಮಾವಳಿಯ ಪ್ರಕಾರ, ಒಂದು ಗಣಕವು ಇನ್ನೊಂದನ್ನು ‘ಇಂಥ ದಿನದಿಂದೀಚೆಗೆ ಬದಲಾದ ವಿವರಣೆಗಳನ್ನು ಕೊಡು’ ಎಂದು ಕೇಳಿ ಪಡೆಯುತ್ತದೆ. ಈ ನಿಯಮಾವಳಿಯು ಕನಿಷ್ಠಪಕ್ಷ ಡಬ್ಲಿನ್ ಕೋರ್ ಎಂಬ 15 ಅಂಶಗಳ ಸರಳ ರೂಪದಲ್ಲಿ ವಿವರಣೆಯನ್ನು ಕೊಡಬೇಕೆಂದು ವಿಧಿಸುತ್ತದೆ. ಹಲವು ಸಂಸ್ಥೆಗಳ ಸೂಚಿಗಳನ್ನು ಒಂದೆಡೆ ತರಲು ಇದು ಉಪಯುಕ್ತ. ಆದರೆ ಆ 15 ಅಂಶಗಳಲ್ಲಿ ಸ್ತರಗಳ ತಾಯಿಬೇರು ಹಿಡಿಯುವ ವ್ಯವಸ್ಥೆಯಿಲ್ಲ. ಮರದ ರಚನೆಯು ಎಲೆಗಳ ರಾಶಿಯಾಗಿ ಬರುತ್ತದೆ.

ನಾಲ್ಕನೆಯದು ನೇರ ಸಂವಾದದ ಮಾರ್ಗ. ಆರ್ಕೈವ್ಸ್‌ಸ್ಪೇಸ್‌ನಂಥ ತಂತ್ರಾಂಶಗಳಲ್ಲಿ ಪ್ರತಿಯೊಂದು ಸಂಗ್ರಹಕ್ಕೂ, ಅದರೊಳಗಿನ ಪ್ರತಿಯೊಂದು ಘಟಕಕ್ಕೂ, ನಿರ್ಮಾತೃವಾದ ವ್ಯಕ್ತಿಗೂ ಸಂಸ್ಥೆಗೂ ಪ್ರತ್ಯೇಕ ವಿಳಾಸವಿರುತ್ತದೆ. ಎ.ಪಿ.ಐ. ಎಂಬ ದ್ವಾರದ ಮೂಲಕ ಜಾಲತಾಣದ ತಂತ್ರಾಂಶವು ಆ ವಿಳಾಸವನ್ನು ಕೇಳಿ, ಬೇಕಾದ ವಿವರಣೆಯನ್ನೂ ಅದರ ಮೇಲಿನ ಸ್ತರಗಳನ್ನೂ ಪಡೆಯಬಲ್ಲದು. ಬದಲಾದ ವಿವರಣೆಗಳನ್ನು ಮಾತ್ರ ತರಿಸಿಕೊಳ್ಳುವುದೂ ಸಾಧ್ಯ. ಸೂಚಿಯಿಂದ ತೆಗೆದುಹಾಕಿದ ವಿವರಣೆಗಳ ಪಟ್ಟಿಯನ್ನೂ ಕೇಳಿ ಪಡೆಯಬೇಕು. ಇಲ್ಲವಾದರೆ ಪತ್ರಾಗಾರದಲ್ಲಿ ರದ್ದಾದ ವಿವರಣೆಯು ಜಾಲತಾಣದಲ್ಲಿ ಹಾಗೆಯೇ ಉಳಿದು ಸಂಶೋಧಕನನ್ನು ದಾರಿ ತಪ್ಪಿಸುತ್ತದೆ. ಇವುಗಳಿಗೆ ಭಿನ್ನವಾಗಿ, ಕೆನಡಾದ ಪ್ರಿನ್ಸ್ ಎಡ್ವರ್ಡ್ ಐಲೆಂಡ್ ವಿಶ್ವವಿದ್ಯಾಲಯದಲ್ಲಿ 2006ರಲ್ಲಿ ಆರಂಭವಾದ ಐಲಾಂಡೋರಾ ಯೋಜನೆಯು ಫೆಡೋರಾ ಎಂಬ ಸಂರಕ್ಷಣಾ ಭಂಡಾರವನ್ನು ಡ್ರೂಪಲ್‌ನೊಡನೆ ಕೂಡಿಸಿ, ಭಂಡಾರವನ್ನೂ ಪ್ರದರ್ಶನವನ್ನೂ ಒಂದೇ ವ್ಯವಸ್ಥೆಯಡಿ ತಂದಿತು.

ಸಂದರ್ಭ ಲೋಪದ ಪ್ರಶ್ನೆ

ಮಾರ್ಗ ಯಾವುದೇ ಇರಲಿ, ಇತಿಹಾಸಕಾರನಿಗೆ ಮುಖ್ಯವಾದ ಪ್ರಶ್ನೆಯೊಂದು ಉಳಿಯುತ್ತದೆ. ಮೈಸೂರಿನಲ್ಲಿ ಕಮಿಷನರ ಆಡಳಿತವಿದ್ದ ಕಾಲದ (1831–1881) ಒಂದು ಕಚೇರಿಯ ಸಂಗ್ರಹವನ್ನು ಕಲ್ಪಿಸಿಕೊಳ್ಳೋಣ. ಸಂಗ್ರಹದ ಸ್ತರದಲ್ಲಿ ಕಚೇರಿಯ ಹೆಸರು, ಅದರ ಆಡಳಿತ ಚರಿತ್ರೆ ಇರುತ್ತವೆ. ಶ್ರೇಣಿಯ ಸ್ತರದಲ್ಲಿ ‘ಕೆರೆಗಳ ದುರಸ್ತಿ’ ಎಂದಿರುತ್ತದೆ. ಕಡತದ ಸ್ತರದಲ್ಲಿ ಅಪುನರುಕ್ತಿಯ ನಿಯಮದಂತೆ ‘ಪತ್ರವ್ಯವಹಾರ, 1868’ ಎಂದಷ್ಟೇ ಇರುತ್ತದೆ. ಮುದ್ರಿತ ಸೂಚಿಯಲ್ಲಿ ಪುಟವನ್ನು ಹಿಂದಕ್ಕೆ ತಿರುವಿದರೆ ಎಲ್ಲವೂ ಸ್ಪಷ್ಟ. ಆದರೆ ವಿಷಯ ನಿರ್ವಹಣಾ ತಂತ್ರಾಂಶದಲ್ಲಿ ಪ್ರತಿಯೊಂದು ವಿವರಣೆಯೂ ಒಂದು ಸ್ವತಂತ್ರ ಪುಟ. ಶೋಧಯಂತ್ರದ ಮೂಲಕ ನೇರವಾಗಿ ಆ ಪುಟಕ್ಕೆ ಬಂದ ಓದುಗನಿಗೆ ಯಾರ ಪತ್ರವ್ಯವಹಾರ, ಯಾವ ವಿಷಯ ಎಂಬುದು ತಿಳಿಯುವುದಿಲ್ಲ. ‘ಕೆರೆ’ ಎಂದು ಹುಡುಕುವವನಿಗೆ ಆ ಕಡತ ಸಿಗುವುದೂ ಇಲ್ಲ. ಮೆಕೆಂಜಿ ಸಂಗ್ರಹಕ್ಕೆ ವಿಂಗಡಣೆಯಿಂದ ಒದಗಿದ್ದು ಇಲ್ಲಿ ಪ್ರದರ್ಶನದಿಂದ ಒದಗುತ್ತದೆ.

ಇದಕ್ಕೆ ಪರಿಹಾರವಿಲ್ಲದಿಲ್ಲ. ಮೇಲಿನ ಸ್ತರಗಳ ಶೀರ್ಷಿಕೆಗಳನ್ನು ಪ್ರತಿ ಪುಟದ ತಲೆಯಲ್ಲಿ ಕೊಂಡಿಗಳೊಡನೆ ತೋರಿಸುವುದು, ಶೋಧದ ಅನುಕ್ರಮಣಿಕೆಯಲ್ಲಿ ಮೇಲಿನ ಸ್ತರದ ಮಾತುಗಳನ್ನೂ ಸೇರಿಸುವುದು ರೂಢಿಗೆ ಬಂದಿವೆ. ಆದರೆ ಇವನ್ನು ಬಯಸಿ ಮಾಡಬೇಕು. ತಂತ್ರಾಂಶವು ತಾನಾಗಿ ಮಾಡುವುದಿಲ್ಲ. 2023ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಪತ್ರಾಗಾರ ಮಂಡಲಿಯು ಪ್ರಕಟಿಸಿದ ‘ರೆಕಾರ್ಡ್ಸ್ ಇನ್ ಕಾಂಟೆಕ್ಸ್ಟ್ಸ್’ ಎಂಬ ಮಾನಕವು ದಾಖಲೆ, ವ್ಯಕ್ತಿ, ಸಂಸ್ಥೆ, ಕಾರ್ಯ, ಸ್ಥಳಗಳನ್ನು ಪರಸ್ಪರ ಸಂಬಂಧಗಳ ಜಾಲವಾಗಿ ಕಾಣುತ್ತದೆ. ಒಂದೇ ಜಿಲ್ಲೆ ಎರಡು ಪ್ರಾಂತಗಳ ಆಳ್ವಿಕೆಯನ್ನು ಕಂಡ ನಮ್ಮ ನಾಡಿನ ದಾಖಲೆಗಳಿಗೆ ಈ ದೃಷ್ಟಿ ಹೆಚ್ಚು ಹೊಂದಿಕೊಳ್ಳುತ್ತದೆ.

ಎರಡನೆಯ ಪ್ರಶ್ನೆ ಜಾಲತಾಣದ ಆಯುಷ್ಯದ್ದು. 2011ರ ಜನವರಿಯಲ್ಲಿ ಬಂದ ಡ್ರೂಪಲ್ 7ನೆಯ ಆವೃತ್ತಿಗೆ ಸಮುದಾಯದ ಬೆಂಬಲವು 2025ರ ಜನವರಿ 5ರಂದು ಕೊನೆಗೊಂಡಿತು. ಹದಿನಾಲ್ಕು ವರ್ಷವೆಂದರೆ ತಂತ್ರಾಂಶಕ್ಕೆ ದೀರ್ಘಾಯುಷ್ಯ. ಪತ್ರಾಗಾರಕ್ಕೆ ಅದು ಅಲ್ಪಕಾಲ. ವಿವರಣೆಯು ಜಾಲತಾಣದಲ್ಲಿ ಮಾತ್ರ ಇದ್ದರೆ ಪ್ರತಿಯೊಂದು ಸ್ಥಿತ್ಯಂತರದಲ್ಲಿಯೂ ಅದು ಅಪಾಯಕ್ಕೆ ಸಿಕ್ಕುತ್ತದೆ. 2023ರ ಅಕ್ಟೋಬರ್ 28ರಂದು ಬ್ರಿಟಿಷ್ ಲೈಬ್ರರಿಯ ಗಣಕ ವ್ಯವಸ್ಥೆಯ ಮೇಲೆ ದಾಳಿ ನಡೆಯಿತು. ಮುಖ್ಯ ಗ್ರಂಥಸೂಚಿಯು 2024ರ ಜನವರಿ 15ರಂದು ಮರಳಿತಾದರೂ ಪತ್ರಾಗಾರ ಮತ್ತು ಹಸ್ತಪ್ರತಿಗಳ ಸೂಚಿ ಅದಾದ ಮೇಲೂ ಬಹುಕಾಲ ಅಂತರಜಾಲದಲ್ಲಿ ದೊರೆಯಲಿಲ್ಲ. ಇಂಡಿಯಾ ಆಫೀಸಿನ ದಾಖಲೆಗಳನ್ನು ಅವಲಂಬಿಸಿದ ಭಾರತೀಯ ಸಂಶೋಧಕರಿಗೆ ಇದರಿಂದ ತೊಂದರೆಯಾಯಿತು. ಆ ಅವಧಿಯಲ್ಲಿ ಹಳೆಯ ಮುದ್ರಿತ ಸೂಚಿಗಳ ಬೆಲೆ ಏನೆಂಬುದು ಮತ್ತೊಮ್ಮೆ ಅರಿವಿಗೆ ಬಂದಿತು.

ಕನ್ನಡದ ಸಂದರ್ಭ

ಭಾರತದ ರಾಷ್ಟ್ರೀಯ ಪತ್ರಾಗಾರವು 2015ರಲ್ಲಿ ‘ಅಭಿಲೇಖ ಪಟಲ್’ ಎಂಬ ಜಾಲದ್ವಾರವನ್ನು ತೆರೆದು ತನ್ನ ಸೂಚಿಯನ್ನೂ ದಾಖಲೆಗಳ ಪ್ರತಿಬಿಂಬಗಳನ್ನೂ ಒಂದೆಡೆ ಒದಗಿಸತೊಡಗಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2019ರಲ್ಲಿ ಆರಂಭವಾದ ಪತ್ರಾಗಾರವು ತನ್ನ ಸೂಚಿಗೆ ಆರ್ಕೈವ್ಸ್‌ಸ್ಪೇಸ್ ತಂತ್ರಾಂಶವನ್ನು ಆರಿಸಿಕೊಂಡಿತು. ಸಮಕಾಲೀನ ವಿಜ್ಞಾನದ ಇತಿಹಾಸಕ್ಕೆ ಸಂಬಂಧಿಸಿದ ಈ ಪ್ರಯತ್ನವು ಕರ್ನಾಟಕದ ಇತರ ಸಂಸ್ಥೆಗಳಿಗೆ ಮಾದರಿಯಾಗಬಲ್ಲದು.

ಕನ್ನಡ ದಾಖಲೆಗಳ ವಿಷಯದಲ್ಲಿ ಮೂರು ಅಂಶಗಳಿಗೆ ವಿಶೇಷ ಗಮನ ಬೇಕು. ಮೊದಲನೆಯದು ಲಿಪಿ. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡವನ್ನು ಒಳಗೊಂಡಿತ್ತು. ಆದರೂ ಬಹುಕಾಲ ಕನ್ನಡದ ಕಚೇರಿ ಬರಹವು ಬೇರೆಬೇರೆ ಅಕ್ಷರಶೈಲಿಗಳ ಸ್ವಂತ ಸಂಕೇತಗಳಲ್ಲಿ ನಡೆಯಿತು. ಅಂಥ ಪಟ್ಟಿಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಹಾಗೂ ಅರ್ಕಾವತ್ತುಗಳನ್ನು ಪರಿಶೀಲಿಸಿದ ಮೇಲಷ್ಟೇ ಸಂಗ್ರಹ ತಂತ್ರಾಂಶಕ್ಕೆ ತುಂಬಬೇಕು. ಎರಡನೆಯದು ಸ್ಥಳನಾಮ. 2014ರ ನವೆಂಬರ್ 1ರಂದು ಬೆಂಗಳೂರು, ಬೆಳಗಾವಿ, ಕಲಬುರಗಿ, ವಿಜಯಪುರ ಮೊದಲಾದ 12 ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದವು. ದಾಖಲೆಯ ಮೇಲಿರುವುದು ಹಳೆಯ ರೂಪ, ಓದುಗ ಹುಡುಕುವುದು ಹೊಸ ರೂಪ. ದಾಖಲೆಯ ಶೀರ್ಷಿಕೆಯನ್ನು ತಿದ್ದದೆ, ಹೆಸರಿನ ಎಲ್ಲ ರೂಪಗಳನ್ನೂ ಪ್ರಮಾಣಿತ ನಾಮಪಟ್ಟಿಯೊಂದರಲ್ಲಿ ಕೂಡಿಸಿ ಅದಕ್ಕೆ ಕೊಂಡಿ ಹಾಕುವುದು ಸರಿಯಾದ ಕ್ರಮ. ಮೂರನೆಯದು ಭಾಷಾಂತರ. ಮೋಡಿ, ಪಾರಸಿ, ಉರ್ದು, ಇಂಗ್ಲಿಷ್ ದಾಖಲೆಗಳಿಗೂ ಕನ್ನಡದಲ್ಲಿ ವಿವರಣೆಯಿದ್ದರೆ ಮಾತ್ರ ತಾಲ್ಲೂಕು ಮಟ್ಟದ ಸಂಶೋಧಕನಿಗೆ ಅವು ದೊರೆತಾವು.

ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ವಿವರಣೆಯ ಅಧಿಕೃತ ನೆಲೆಯು ಒಂದೇ ಇರಬೇಕು, ಅದು ಪತ್ರಾಗಾರದ ಸಂಗ್ರಹ ತಂತ್ರಾಂಶವಾಗಿರಬೇಕು. ಜಾಲತಾಣವು ಅಲ್ಲಿಂದ ಪಡೆದು ತೋರಿಸಬೇಕೇ ಹೊರತು ತಾನೇ ತಿದ್ದಬಾರದು. ಉಲ್ಲೇಖ ಸಂಖ್ಯೆಯು ಜಾಲತಾಣದ ತಂತ್ರಾಂಶ ಕೊಡುವ ಪುಟಸಂಖ್ಯೆಯನ್ನು ಅವಲಂಬಿಸಬಾರದು. ಏಕೆಂದರೆ ಪ್ರಬಂಧದ ಅಡಿಟಿಪ್ಪಣಿಯಲ್ಲಿ ನಮೂದಾಗುವ ಸಂಖ್ಯೆಯು ತಂತ್ರಾಂಶ ಬದಲಾದ ಮೇಲೆಯೂ ಅದೇ ದಾಖಲೆಗೆ ಕರೆದೊಯ್ಯಬೇಕು. ಪ್ರತಿ ಪುಟದಲ್ಲಿಯೂ ಸಂಗ್ರಹ, ಶ್ರೇಣಿ, ಕಚೇರಿಗಳ ಸಂದರ್ಭ ಕಾಣಬೇಕು. ಇಡೀ ಸೂಚಿಯ ಪ್ರತಿಯನ್ನು ಮಾನಕ ರೂಪದಲ್ಲಿ ನಿಯತವಾಗಿ ಹೊರತೆಗೆದು ಬೇರೆ ಕಡೆ ರಕ್ಷಿಸಬೇಕು. ಮುದ್ರಿತ ಸೂಚಿಗಳನ್ನು ಅನಾವಶ್ಯಕವೆಂದು ಕೈಬಿಡಬಾರದು. ಇವುಗಳಿಗೆ ತಂತ್ರಜ್ಞರಷ್ಟೇ ಸಾಲದು. ದಾಖಲೆಗಳ ಹುಟ್ಟನ್ನೂ ಆಡಳಿತದ ಚರಿತ್ರೆಯನ್ನೂ ಬಲ್ಲ ಇತಿಹಾಸಕಾರರು ಆರಂಭದಿಂದಲೇ ಅವರೊಡನೆ ಕುಳಿತು ಕೆಲಸ ಮಾಡಬೇಕು.

ಏಕೀಕರಣದಿಂದ ನಾಡು ಒಂದಾದರೂ ಅದರ ದಾಖಲೆಗಳು ಮುಂಬಯಿ, ಚೆನ್ನೈ, ಹೈದರಾಬಾದು, ದೆಹಲಿ, ಲಂಡನ್ನುಗಳಲ್ಲಿ ಚದುರಿಯೇ ಇವೆ. ಕಾಗದಗಳನ್ನು ಒಂದೆಡೆ ತರುವುದು ಆಗದ ಮಾತು, ಮೂಲಾನುಗತ ತತ್ತ್ವದ ದೃಷ್ಟಿಯಿಂದ ತರಬೇಕಾದದ್ದೂ ಅಲ್ಲ. ವಿವರಣೆಗಳನ್ನು ಒಂದಕ್ಕೊಂದು ಜೋಡಿಸುವುದು ಮಾತ್ರ ಇಂದು ಸಾಧ್ಯವಾಗಿದೆ. ಈ ಕಾರ್ಯವನ್ನು ಸಂದರ್ಭಕ್ಕೆ ಭಂಗಬಾರದಂತೆ ನೆರವೇರಿಸಿದರೆ ಕರ್ನಾಟಕದ ಪ್ರಾದೇಶಿಕ ಇತಿಹಾಸದ ಅಧ್ಯಯನಕ್ಕೆ ಅದರಿಂದ ಗಟ್ಟಿಯಾದ ತಳಹದಿ ದೊರೆಯುವುದರಲ್ಲಿ ಸಂದೇಹವಿಲ್ಲ.